ಟೀಟರನ ಮೊಣಕೈ

ಮುಖಕ್ಕೆ ಬಿಸಿ ಟವೆಲ್ ಸುತ್ತಿಕೊಂಡು ಕುರ್ಚಿಯಲ್ಲಿ ಒರಗಿದವನಿಗೆ ಕಣ್ಣು ಕಾಣುವುದಿಲ್ಲ, ಬಾಯಿ ಆಡುವುದಿಲ್ಲ. ಆದರೆ ಕಿವಿಗೆ ಏನೂ ಆಗಿರುವುದಿಲ್ಲ. ಹರೆಯದಿಂದ ಕ್ಷೌರ ಮಾಡುತ್ತಲೇ ತಲೆ ಬೋಳಾಗಿಸಿಕೊಂಡ ಡೆಲ್ಮರ್ ಟೀಟರನಿಗೆ ಇಷ್ಟು ಗೊತ್ತಿರಬೇಕಿತ್ತು. ಆ ಶನಿವಾರ ಬೆಳಿಗ್ಗೆ ಅವನು ಅದನ್ನು ಮರೆತ.

ಕುರ್ಚಿಯಲ್ಲಿದ್ದವನು ಕ್ಲೆಮ್ ಹಾಡ್ಜ್, ಪಕ್ಕದ ಓಣಿಯ ಮುದುಕ. ದಿನವೂ ಬೆಳಿಗ್ಗೆ ಬಂದು ಗಡ್ಡ ಬೋಳಿಸಿಕೊಂಡು, ಆಮೇಲೆ ಮಧ್ಯಾಹ್ನದವರೆಗೆ ಅಲ್ಲೇ ಕೂತು ಊರಿನ ಸುದ್ದಿ ಹೇಳುವವನು. ಡೆಲ್ಮರ್ ಒಂದು ಕೆನ್ನೆ ಮುಗಿಸಿ, ಇನ್ನೊಂದರ ಗಡ್ಡ ಮೆತ್ತಗಾಗಲೆಂದು ನೊರೆಯ ಮೇಲೆಯೇ ಟವೆಲ್ ಸುತ್ತಿದ್ದ; ಅದರ ಕೆಳಗಿನಿಂದ ಸಣ್ಣ ಗೊರಕೆ ಬರುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಟೆನ್ನೆಸಿಯಿಂದ ಡೆಲ್ಮರನ ತಂಗಿ ವರ್ನಾ. ಡೆಲ್ಮರ್ ದನಿ ತಗ್ಗಿಸಿ, ಇವತ್ತು ಮಧ್ಯಾಹ್ನ ಆಟ ನಡೆಯುತ್ತಿರುವಾಗಲೇ ಅಂಗಡಿ ಮಾರಿ ಸಹಿ ಹಾಕುತ್ತೇನೆ, ನಿನ್ನ ಪಕ್ಕದ ಆ ಕೆರೆ ದಂಡೆಯ ಮನೆ ನಾಳೆಯವರೆಗೆ ಬೇರೆಯವರ ಪಾಲಾಗದಂತೆ ನೋಡಿಕೋ ಎಂದ. ಇನ್ನು ಮೇಲೆ ಕೂದಲು ಕತ್ತರಿಸುವುದಿಲ್ಲ, ಮೀನು ಹಿಡಿಯುತ್ತೇನೆ, ಮೀನಿಗೆ ಕೂದಲೂ ಇಲ್ಲ, ಮಾತೂ ಇಲ್ಲ ಎಂದ. ಯಾರಿಗೂ ಹೇಳಬೇಡ ಎಂದು ಎರಡೆರಡು ಸಲ ಎಚ್ಚರಿಸಿ ಫೋನ್ ಇಟ್ಟ.

ತಿರುಗಿ ನೋಡಿದರೆ ಗೊರಕೆ ನಿಂತಿತ್ತು.

ಮಾರುವ ಅಂಗಡಿ ಯಾವುದೋ ಬೀದಿಬದಿಯ ಅಂಗಡಿಯಾಗಿದ್ದರೆ ಗುಟ್ಟು ಬೇಕಿರಲಿಲ್ಲ. ಕ್ವಿಲ್‌ಬರ್ಗ್ ಊರಿನ ನಟ್ಟನಡುವೆ ಬೇಸ್‌ಬಾಲ್ ಮೈದಾನವಿದೆ. ಅಲ್ಲಿ ಆಡುವ ತಂಡದ ಹೆಸರು ಮೂಲಂಗಿಗಳು. ನದಿ ಬಯಲಿನಲ್ಲಿ ಹಿಂದೆ ಕೆಂಪು ಮೂಲಂಗಿ ಬೆಳೆಯುತ್ತಿದ್ದರು ಎಂಬುದಕ್ಕೆ ಆ ಹೆಸರು. ದೊಡ್ಡ ಲೀಗಿಗೆ ಹತ್ತಲು ಕಾದಿರುವ ಎಳಸುಗಳು, ಅಲ್ಲಿಂದ ಜಾರಿ ಬಿದ್ದ ಹಳಬರು, ಇಬ್ಬರೂ ಸೇರಿ ಆಡುವ ಸಣ್ಣ ಲೀಗಿನ ತಂಡ. ಈ ಮೈದಾನದ ಎಡಗಡೆಯ ಇಟ್ಟಿಗೆ ಗೋಡೆ ನೆಟ್ಟಗೆ ಬರುತ್ತದೆ, ಬಂದದ್ದು ಇದ್ದಕ್ಕಿದ್ದಂತೆ ಒಳಕ್ಕೆ ತಿರುಗಿ ಒಂದು ಕಟ್ಟಡದ ಹಿಂಭಾಗವನ್ನು ಬಳಸಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಬಸ್ಸಿನಲ್ಲಿ ಪಕ್ಕದವನು ಪಕ್ಕೆಗೆ ತಿವಿದ ಹಾಗೆ ಅಂಗಳದೊಳಕ್ಕೆ ಚಾಚಿರುವ ಆ ಮೂಲೆಗೆ ಜನ ಇಟ್ಟ ಹೆಸರು ಟೀಟರನ ಮೊಣಕೈ. ಒಳಗಿರುವ ಕಟ್ಟಡವೇ ಡೆಲ್ಮರನ ಕ್ಷೌರದಂಗಡಿ.

ಚೆಂಡು ಆ ಮೂಲೆಗೆ ಬಡಿದರೆ ಎತ್ತ ಹಾರುತ್ತದೋ ದೇವರಿಗೂ ತಿಳಿಯದು. ಹೊರಊರಿನ ಆಟಗಾರರು ಕೋಳಿ ಹಿಡಿಯಲು ಹೊರಟವರಂತೆ ಅಲ್ಲಿ ಗಿರಗಿರ ತಿರುಗುತ್ತಾರೆ. ಚೆಂಡು ಗೋಡೆ ದಾಟಿದರೆ ಬೇರೆ ಕಡೆಯೆಲ್ಲ ಹೋಮ್ ರನ್, ಹೊಡೆದವನು ನಾಲ್ಕೂ ಬೇಸು ಸುತ್ತಿ ರನ್ ಗಳಿಸುತ್ತಾನೆ. ಆದರೆ ದಾಟಿ ಕ್ಷೌರದಂಗಡಿಯ ಮಾಡಿನ ಮೇಲೆ ಬಿದ್ದರೆ ಎರಡೇ ಬೇಸು ಎಂದು ಈ ಮೈದಾನಕ್ಕೇ ಒಂದು ನಿಯಮ. ಅದಕ್ಕಾಗಿ ಹೊರಊರಿನ ಕೋಚುಗಳು ಅಂಪೈರನ ಮೂಗಿಗೆ ಮೂಗು ತಾಗಿಸಿ ಕೂಗಾಡುವುದನ್ನು ನೋಡಲಿಕ್ಕೇ ಅರ್ಧ ಊರು ಟಿಕೆಟ್ ಕೊಳ್ಳುತ್ತದೆ.

ಡೆಲ್ಮರನಿಗೆ ಮಾತ್ರ ಬೇಸ್‌ಬಾಲ್ ಎಂದರೆ ತಲೆನೋವು. ಗೋಡೆಯಾಚೆ ಜನ ಒಮ್ಮೆಲೇ ಹುಯ್ಯೆಂದಾಗ ಈಚೆ ಅವನ ಕೈಯಲ್ಲಿ ಕತ್ತಿ ಇರುತ್ತಿತ್ತು, ಕತ್ತಿಯ ಕೆಳಗೆ ಯಾರದೋ ಕುತ್ತಿಗೆ. ಆದ್ದರಿಂದ ತಂಡದ ಹೊಸ ಮಾಲೀಕ ಪ್ರೆಸ್ಕಾಟ್ ವ್ಯಾನ್ಸ್ ಎಂಬ ಯುವಕ ಬಂದು, ಅಂಗಡಿ ಕೊಡಿ, ಕೆಡವಿ ಗೋಡೆ ನೆಟ್ಟಗೆ ಮಾಡಿ ಅದರ ಮೇಲೆ ಬಿಯರ್ ಕಟ್ಟೆ ಕಟ್ಟಿಸುತ್ತೇನೆ ಎಂದಾಗ ಡೆಲ್ಮರ್ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಮಾಲೀಕನದು ಒಂದೇ ಷರತ್ತು. ಸಹಿ ಬೀಳುವವರೆಗೆ ಯಾವ ತಕರಾರೂ ಏಳಬಾರದು. ಎದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು.

ಕ್ಲೆಮ್ ಟವೆಲ್ ಕಿತ್ತು ಎದ್ದುನಿಂತ. ಒಂದು ಕೆನ್ನೆ ಬೋಳಾಗಿತ್ತು, ಇನ್ನೊಂದರ ತುಂಬ ನೊರೆ. ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಗೊಣಗಿ, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಹೊರಗೆ ನಡೆದ. ಅವನ ಮನೆಯಲ್ಲಿ ಒಲೆ ಹೊತ್ತಿಸಿ ವರ್ಷಗಳೇ ಆಗಿದ್ದವು. ಅವನು ಹೋದದ್ದು ನೇರ ಪಕ್ಕದ ಬೇಕರಿಗೆ.

ಬೇಕರಿಯ ಒಟಿಲಿ ಕ್ರೆಬ್ಸ್ ಒಂದು ತಟ್ಟೆ ಡೋನಟ್ ಹಿಡಿದು ಬಂದಾಗ ಡೆಲ್ಮರ್ ಇನ್ನೂ ಬ್ರಷ್ ಕೈಯಲ್ಲೇ ಹಿಡಿದು ನಿಂತಿದ್ದ. ಒಟಿಲಿ ಬೇರೆಯವರ ಕಷ್ಟವನ್ನು ದೂರದಿಂದಲೇ ಮೂಸಿ ಹಿಡಿಯುವ ಹೆಂಗಸು. ಕಷ್ಟ ಇಲ್ಲದ ಕಡೆ ತಾನೇ ಒಂದಿಷ್ಟು ತಂದಿಟ್ಟು ಆಮೇಲೆ ಪರಿಹರಿಸುತ್ತಿದ್ದಳು.

"ನೀನೇನೂ ಮಾತಾಡ್ಬೇಡ ಡೆಲ್ಮರ್. ನಂಗೆಲ್ಲ ಗೊತ್ತಾಯ್ತು," ಎಂದಳು. "ಆ ದುಡ್ಡಿನ ಹುಡ್ಗ ನಿನ್ನ ಬೀದಿಗೆ ಹಾಕ್ತಿದಾನೆ."

"ಯಾರೂ ಹಾಕ್ತಿಲ್ಲ ಒಟಿಲಿ. ನಾನೇ ಹೋಗ್ತಿರೋದು. ನಂಗೆ ಇಷ್ಟ ಇದೆ."

ಒಟಿಲಿ ಬಾಗಿಲಲ್ಲಿದ್ದ ಕ್ಲೆಮ್ ಕಡೆ ತಿರುಗಿದಳು. "ಕೇಳಿದ್ಯಾ? ಎಷ್ಟು ಹೆದ್ರಿಸಿರ್ಬೇಕು ನೋಡು. ಪಾಪ, ನಗ್ತಾ ನಗ್ತಾ ಹೇಳ್ತಾನೆ."

ಡೆಲ್ಮರ್ ನಕ್ಕಿರಲಿಲ್ಲ. ಆದರೆ ಅವನದು ಎಂಥಾ ಮುಖವೆಂದರೆ ಹಲ್ಲುನೋವು ಬಂದಾಗಲೂ ಗಿರಾಕಿಯನ್ನು ಸ್ವಾಗತಿಸುವಂತೆಯೇ ಕಾಣುತ್ತಿತ್ತು. ಅವನು ಮತ್ತೆ ಬಾಯಿ ತೆರೆಯುವ ಮೊದಲು ಒಟಿಲಿ ಡೋನಟ್ ತುರುಕಿ, ತಾನು ಈಗಷ್ಟೇ ಹಾರ್ಟೆನ್ಸ್ ಲಿಂಡ್‌ಕ್ವಿಸ್ಟಳಿಗೆ ಫೋನ್ ಮಾಡಿದ್ದೇನೆ, ಆಟ ಶುರುವಾಗುವ ಮೊದಲೇ ಬಂದು ಅಂಗಡಿ ನೋಡುತ್ತಾಳಂತೆ ಎಂದು ತಿಳಿಸಿದಳು. ಡೋನಟ್ ಡೆಲ್ಮರನ ಗಂಟಲಲ್ಲೇ ನಿಂತಿತು.

ಹಾರ್ಟೆನ್ಸ್ ಊರಿನ ಹಳೆಯ ಕಟ್ಟಡಗಳನ್ನು ಕಾಪಾಡುವ ಸಮಿತಿಯ ಅಧ್ಯಕ್ಷೆ. ಅವಳು ಒಂದು ಕಟ್ಟಡವನ್ನು 'ಪರಂಪರೆ' ಎಂದು ಕರೆದರೆ ಮುಗಿಯಿತು, ಅದರಿಂದ ಒಂದು ಮೊಳೆ ಕೀಳಬೇಕಾದರೂ ಅವಳ ಅಪ್ಪಣೆ ಬೇಕು. ಔಷಧಿ ಅಂಗಡಿಯವನ ಮನೆಯನ್ನು ಹಾಗೆ ಕರೆದ ಮೇಲೆ ಆ ಮನುಷ್ಯ ಕಕ್ಕಸಿನ ಹಳೇ ತೊಟ್ಟಿ ಬದಲಾಯಿಸಲಾಗದೆ ಪ್ರತಿದಿನ ಗ್ರಂಥಾಲಯಕ್ಕೆ ಹೋಗಿಬರುತ್ತಿದ್ದ. ಊರಿನವರು ಅವನಿಗೆ ಓದಿನ ಹುಚ್ಚು ಎಂದುಕೊಂಡಿದ್ದರು. ಇನ್ನು ಕೆಡವಲಾಗದ ಕಟ್ಟಡವನ್ನು ವ್ಯಾನ್ಸ್ ಏಕೆ ಕೊಳ್ಳುತ್ತಾನೆ?

ಒಟಿಲಿ ಮತ್ತು ಕ್ಲೆಮ್ ಬೀದಿಯವರನ್ನು ಒಟ್ಟುಗೂಡಿಸಲು ಹೊರಟ ಕೂಡಲೇ ಡೆಲ್ಮರ್ ಕುರ್ಚಿಯಲ್ಲಿ ಕೂತು ಯೋಚಿಸಿದ. ಹಾರ್ಟೆನ್ಸ್‌ಗೆ ಬೇಕಾದದ್ದು ಹಳೆಯದು. ಅವಳು ಬರುವ ಹೊತ್ತಿಗೆ ಅಂಗಡಿಯಲ್ಲಿ ಹಳೆಯದೇನೂ ಇರಬಾರದು, ತಾನೊಬ್ಬನನ್ನು ಬಿಟ್ಟು. ಅಷ್ಟೇ ತಾನೆ?

ಮೊದಲು ಹೊರಗಿನ ಮರದ ಫಲಕ. ಅಜ್ಜನ ಕಾಲದ್ದು. ಏಣಿ ಹತ್ತಿ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ. ಫಲಕ ಕಳಚಿ ಬಿತ್ತು. ಅದರ ಹಿಂದಿನ ಇಟ್ಟಿಗೆಯ ಮೇಲೆ, ನೆರಳಲ್ಲಿ ಬಣ್ಣ ಮಾಸದೆ, ಟೋಪಿ ತೊಟ್ಟ ಕುದುರೆಯೊಂದು ಹಲ್ಲು ಕಿರಿಯುತ್ತಿತ್ತು. ಕುದುರೆಗಳ ಕೀಲುನೋವಿಗೆ ತಿಕ್ಕುವ ಯಾವುದೋ ಎಣ್ಣೆಯ ಜಾಹೀರಾತು; ಅಪ್ಪನೂ ಅದನ್ನು ಕಂಡಿರಲಿಕ್ಕಿಲ್ಲ. ಬೀದಿಯಲ್ಲಿ ಕೂಡುತ್ತಿದ್ದ ಹತ್ತಾರು ಜನ ಚಪ್ಪಾಳೆ ತಟ್ಟಿದರು. ನಮ್ಮ ಡೆಲ್ಮರ್ ಹಾರ್ಟೆನ್ಸ್‌ಗಾಗಿ ಹಳೆಯದನ್ನೆಲ್ಲ ಹೊರಗೆ ತೆಗೆಯುತ್ತಿದ್ದಾನೆ ಎಂದು ಒಟಿಲಿ ಎಲ್ಲರಿಗೂ ವಿವರಿಸಿದಳು.

ಡೆಲ್ಮರ್ ಒಳಗೆ ಓಡಿ ಗೋಡೆಯುದ್ದದ ಕನ್ನಡಿಗೆ ಕೈಹಾಕಿದ. ಕನ್ನಡಿ ಹಳೆಯದು, ಅದರ ಚೌಕಟ್ಟು ಇನ್ನೂ ಹಳೆಯದು. ಒಬ್ಬನೇ ಎತ್ತಲು ಹೋಗಿ ಅದರ ಜೊತೆ ಒಂದು ಸುತ್ತು ವಾಲ್ಟ್ಸ್ ಕುಣಿದು ಕೊನೆಗೆ ಕೆಳಗಿಳಿಸಿದ. ಕನ್ನಡಿಯ ಹಿಂದಿನ ಸುಣ್ಣದ ಗೋಡೆಯ ತುಂಬ ಪೆನ್ಸಿಲಿನಲ್ಲಿ ಹೆಸರುಗಳು. ಯಾವ ಕಾಲದಲ್ಲೋ ಇಲ್ಲಿ ಗಡ್ಡ ಬೋಳಿಸಿಕೊಂಡ ಆಟಗಾರರು ಗೀಚಿ ಹೋದವು. ಕಿಟಕಿಯಿಂದ ಇಣುಕಿದ ಕ್ಲೆಮ್ ಒಂದೊಂದೇ ಹೆಸರು ಓದುತ್ತ ನೊರೆ ಬಳಿದ ಕೆನ್ನೆಯ ಮೇಲೆ ಕಣ್ಣೀರು ಸುರಿಸಿದ.

"ಲೋ ಡೆಲ್ಮರ್, ಇದು ಅಂಗಡಿ ಅಲ್ಲಪ್ಪ. ಗುಡಿ ಕಣೋ ಇದು."

ಬೆಳಿಗ್ಗೆ ಸಾಧಾರಣ ಹಳೆಯದಾಗಿದ್ದ ಅಂಗಡಿ ಅವನ ಶ್ರಮದಿಂದ ಈಗ ಜಿಲ್ಲೆಯಲ್ಲೇ ಹಳೆಯದಾಗಿತ್ತು. ಕೀಳುವುದು ಸರಿಹೋಗದು, ಬಳಿಯಬೇಕು.

ಆ ಹೊತ್ತಿಗೆ ಬೀದಿಯಲ್ಲಿ ಮೂಲಂಗಿ ಬಂತು. ವಾರವಿಡೀ ವಿಮೆ ಮಾರುವ ಗಾರ್ತ್ ಆಟದ ದಿನ ಮೂಲಂಗಿ ವೇಷ ತೊಟ್ಟು ಮಕ್ಕಳನ್ನು ನಗಿಸುತ್ತಿದ್ದ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಕೆಂಪು ಗುಂಡು, ಕಂಕುಳಲ್ಲಿ ಹಸಿರು ಸೊಪ್ಪಿನ ತಲೆ. ಡೆಲ್ಮರ್ ಅವನನ್ನು ಬದಿಗೆ ಕರೆದು ಬಿಳಿ ಬಣ್ಣ ಬೇಕು ಎಂದ. ಮೈದಾನದಲ್ಲಿ ಗೆರೆ ಬಳಿಯುವ ಬಣ್ಣ ಡಬ್ಬಿಗಟ್ಟಲೆ ಇದೆ ಎಂದು ಗಾರ್ತ್ ಹೋಗಿ ಎರಡು ಬಕೆಟ್ ತಂದ. ಯಾಕೆ ಎಂದು ಕೇಳಲಿಲ್ಲ; ಮೂಲಂಗಿ ವೇಷದಲ್ಲಿರುವವನು ಬೇರೆಯವರ ನಡತೆಯ ಬಗ್ಗೆ ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಡೆಲ್ಮರ್ ಕುದುರೆಗೆ ಬಳಿದ. ಹೆಸರುಗಳಿಗೆ ಬಳಿದ. ಬಣ್ಣದ ಗಾಜಿನ ಕಿಟಕಿಗೆ, ಅಮೃತಶಿಲೆಯ ಕಟ್ಟೆಗೆ, ಹಿತ್ತಾಳೆಯ ಗೂಟಗಳಿಗೆ, ಒಂದು ಸಲ ಆತುರದಲ್ಲಿ ಕ್ಲೆಮ್‌ನ ಬೋಳು ಕೆನ್ನೆಗೂ ಬಳಿದ. ಹೊರಗೆ ಜನ ಚಪ್ಪಾಳೆ ನಿಲ್ಲಿಸಿದರು. ದುಃಖ ತಲೆಗೇರಿದೆ, ತಡೆಯಬೇಡಿ, ಅತ್ತು ಹಗುರಾಗಲಿ ಎಂದು ಒಟಿಲಿ ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು. ಅವನು ಅಳುತ್ತಿರಲಿಲ್ಲ. ಬಣ್ಣ ಕಣ್ಣಿಗೆ ಬಿದ್ದಿತ್ತು.

ಉಳಿದದ್ದು ತಲೆಯ ಮೇಲಿನ ತಗಡಿನ ಒಳಮಾಡು. ಹೂಬಳ್ಳಿಯ ಅಚ್ಚೊತ್ತಿದ ಅಂಥ ತಗಡು ಈಗ ಎಲ್ಲೂ ಸಿಗುವುದಿಲ್ಲ. ಅಷ್ಟೆತ್ತರಕ್ಕೆ ಬಣ್ಣ ಹತ್ತಿಸಲು ಹೊತ್ತಿರಲಿಲ್ಲ. ಡೆಲ್ಮರ್ ಕ್ಷೌರದ ಕುರ್ಚಿಯನ್ನು ಪೂರ್ತಿ ಮೇಲಕ್ಕೆತ್ತಿ, ಅದರ ಕೈಗಳ ಮೇಲೆ ಕಾಲಿಟ್ಟು ನಿಂತು, ಹಾರೆಯಿಂದ ತಗಡಿನ ಅಂಚು ಮೀಟತೊಡಗಿದ. ಸಹಾಯಕ್ಕೆಂದು ಗಾರ್ತ್ ಒಳಗೆ ಬರಲು ಹೋಗಿ ಬಾಗಿಲಲ್ಲೇ ಸಿಕ್ಕಿಕೊಂಡ. ಬಾಟಲಿಯ ಬಾಯಿಗೆ ಬಿರಡೆ ಹಾಕಿದಂತಾಯಿತು. ಮುಂದೆ ಬರಲಾರ, ಹಿಂದೆ ಹೋಗಲಾರ.

ಆಗಲೇ ಹೊರಗೆ ಹಾರ್ಟೆನ್ಸ್ ಲಿಂಡ್‌ಕ್ವಿಸ್ಟಳ ಶಾಂತ ದನಿ ಕೇಳಿಸಿತು. ಈ ಮೂಲಂಗಿಯೂ ಕಟ್ಟಡದ ಭಾಗವೇ ಎಂದು ವಿಚಾರಿಸುತ್ತಿದ್ದಳು. ಅಲ್ಲವೆಂದು ತಿಳಿದ ಮೇಲೆ ತನ್ನ ಕೈಚೀಲವನ್ನು ಒಟಿಲಿಯ ಕೈಗೆ ಕೊಟ್ಟು, ಎರಡೂ ಅಂಗೈಯನ್ನು ಗಾರ್ತ್‌ನ ಬೆನ್ನಿಗಿಟ್ಟು ನೂಕಿದಳು.

ಮೂಲಂಗಿ ಫಟ್ಟೆಂದು ಒಳಗೆ ಬಂತು. ಬಂದ ರಭಸಕ್ಕೆ ಕುರ್ಚಿಗೆ ಬಡಿಯಿತು. ಕುರ್ಚಿ ಗರ್ರನೆ ತಿರುಗಿತು. ಡೆಲ್ಮರನ ಕಾಲ ಕೆಳಗಿನ ಆಸರೆ ಹೋಗಿ, ಅವನು ಕೈಗೆ ಸಿಕ್ಕ ತಗಡಿನ ಅಂಚು ಹಿಡಿದು ನೇತಾಡಿದ. ತಗಡು ಒಂದು ಕ್ಷಣ ಯೋಚಿಸಿ, ಕಿರ್ರೆಂದು ಉದ್ದಕ್ಕೂ ಸುಲಿದು ಬಂತು. ಅದರ ಹಿಂದೆಯೇ ಮಳೆ.

ಬಿದ್ದದ್ದು ಬೇಸ್‌ಬಾಲುಗಳು. ಮಾಡಿನ ಮೇಲಿನ ಹೊಗೆಗೂಡಿಗೆ ಮುಚ್ಚಳವಿರಲಿಲ್ಲ. ಮೈದಾನ ಕಟ್ಟಿದಂದಿನಿಂದ ಅದರೊಳಗೆ ಉರುಳಿದ ಚೆಂಡುಗಳೆಲ್ಲ ಆ ತಗಡಿನ ಮೇಲೆ ಬೀಡುಬಿಟ್ಟಿದ್ದವು. ಟೀಟರುಗಳು ಮಾಡಿನ ಮೇಲಿನ ಚೆಂಡು ಕದ್ದು ಮಾರುತ್ತಾರೆ ಎಂದು ಇಷ್ಟು ವರ್ಷ ಆಡಿಕೊಂಡ ಊರು ಈಗ ಬಾಗಿಲಲ್ಲಿ ಬಾಯಿ ಕಳೆದು ನಿಂತಿತು. ಇಲಿ ಕಡಿದವು, ಹಳದಿಯಾದವು, ಹೊಲಿಗೆ ಬಿಚ್ಚಿದವು ಕುಣಿಕುಣಿದು ಬೀದಿಗೆ ಓಡಿದವು. ಧೂಳಿನ ನಡುವೆ ಹಾರ್ಟೆನ್ಸ್ ಬಿಳೀ ಪ್ರತಿಮೆಯಂತೆ ನಿಂತಿದ್ದಳು.

ಇವೂ ಪರಂಪರೆಯೇ ಎಂದು ಅವಳ ಬಾಯಿಯಿಂದ ಬರುವ ಮುನ್ನ ಡೆಲ್ಮರ್ ನೆಲದ ಮೇಲಿಂದಲೇ, ಬೇಕಾದಷ್ಟು ಒಯ್ಯಿರಿ ಎಂದು ಊರಿಗೆಲ್ಲ ಸಾರಿದ. ಜನ ಜೇಬು, ಟೋಪಿ, ಮಗುವಿನ ತಳ್ಳುಗಾಡಿ, ಸಿಕ್ಕಿದ್ದರಲ್ಲೆಲ್ಲ ತುಂಬಿಕೊಂಡರು. ಕ್ಲೆಮ್ ಕುತ್ತಿಗೆಯ ಬಟ್ಟೆಯಲ್ಲಿ ಗಂಟು ಕಟ್ಟಿದ. ಗಾರ್ತ್ ವೇಷದೊಳಕ್ಕೆ ಹಾಕಿಕೊಂಡು ಉಬ್ಬುತಗ್ಗಿನ ಮೂಲಂಗಿಯಾದ. ಸ್ವಲ್ಪ ಹೊತ್ತಿಗೆ ಅಂಗಡಿ ಬಣಗುಟ್ಟಿತು.

ಹಾರ್ಟೆನ್ಸ್ ಕನ್ನಡಕ ಒರೆಸಿಕೊಂಡು ಸುತ್ತ ನೋಡಿದಳು. ತಗಡು ಹೋದಲ್ಲಿ ಹೊಗೆಗೂಡಿನ ಬಾಯಿಯಿಂದ ಆಕಾಶ ಕಾಣುತ್ತಿತ್ತು. ಗೋಡೆಗೆ ಬೆರಳಿಟ್ಟಳು, ಬೆರಳು ಬಿಳಿಯಾಯಿತು.

"ಮಿಸ್ಟರ್ ಟೀಟರ್, ಬೇಜಾರು ಮಾಡ್ಕೋಬೇಡಿ. ಒಟಿಲಿ ಏನೇನೋ ಹೇಳಿದ್ಲು. ಆದ್ರೆ ಇಲ್ಲಿ ಕಾಪಾಡೋಕೆ ಏನೂ ಉಳಿದಿಲ್ಲ."

ಡೆಲ್ಮರನಿಗೆ ಅವಳ ಕೈ ಹಿಡಿದು ಕುಣಿಯಬೇಕೆನಿಸಿತು. ತುಂಬಾ ಬೇಜಾರಾಯಿತು ಎಂದು ಆದಷ್ಟು ಸಪ್ಪಗೆ ಹೇಳಿದ. ಅವಳಾದರೂ ಹೊರಡಬೇಕಲ್ಲ? ಹೊರಡಲಿಲ್ಲ. ಕಾಲಿನಿಂದ ಕಸ ಸರಿಸಿ, ಕೆಳಗಿನ ಮರದ ಹಲಗೆಗಳನ್ನು ಬಗ್ಗಿ ನೋಡತೊಡಗಿದಳು. ಅವನು ನೆಲವನ್ನು ಮರೆತೇಬಿಟ್ಟಿದ್ದ. ಗಟ್ಟಿಮುಟ್ಟಾದ ಮೇಪಲ್ ಹಲಗೆ, ಒಂದೊಂದೂ ಅಜ್ಜನ ಕಾಲದ್ದು. ಅವಳನ್ನು ಹೇಗಾದರೂ ಹೊರಗೆ ಸಾಗಿಸಬೇಕು. ಅವನ ಬಾಯಿಗೆ ಬಂದದ್ದು ಇದು:

"ಮೇಡಂ, ಈ ಅಂಗಡೀಲಿ ಏನಿದೆ, ಮಣ್ಣು. ಚರಿತ್ರೆ ನೋಡ್ಬೇಕು ಅಂದ್ರೆ ಹಿಂದಿನ ಗೋಡೆ ನೋಡಿ. ಬನ್ನಿ, ನಾನೇ ತೋರಿಸ್ತೀನಿ."

ಅವಳು ತಲೆ ಎತ್ತಿದಳು. ಡೆಲ್ಮರ್ ತಡಮಾಡದೆ ಅವಳನ್ನು ಬೀದಿ ಬಳಸಿ, ಗೇಟು ದಾಟಿಸಿ, ಆಟಗಾರರು ಇನ್ನೂ ಮೈ ಬಿಸಿಮಾಡಿಕೊಳ್ಳುತ್ತಿದ್ದ ಅಂಗಳದೊಳಗೆ ನಡೆಸಿಕೊಂಡು ಹೋಗಿ ಮೊಣಕೈಯೆದುರು ನಿಲ್ಲಿಸಿದ. ಅಂಗಡಿಯಿಂದ ಅವಳು ದೂರವಿದ್ದಷ್ಟೂ ಒಳ್ಳೆಯದು. ಅದಕ್ಕಾಗಿ ಎಷ್ಟು ಉದ್ದದ ಕತೆ ಬೇಕಾದರೂ ಹೇಳಲು ಸಿದ್ಧನಿದ್ದ.

ಮೂಲಂಗಿಗಳು ಮೊದಲು ಆಡುತ್ತಿದ್ದದ್ದು ಊರಾಚೆ ಕಸಾಯಿಖಾನೆಯ ಪಕ್ಕದ ಮರದ ಮೈದಾನದಲ್ಲಿ. ಗಾಳಿ ತಿರುಗಿದ ದಿನ ಪುಕ್ಕಟೆ ಟಿಕೆಟ್ಟಿಗೂ ಗಿರಾಕಿ ಇರುತ್ತಿರಲಿಲ್ಲ ಎಂದು ಆರಂಭಿಸಿದ. ಇತ್ತ ಊರ ನಡುವಿನ ಅಂಗಡಿಗಳು ಒಂದೊಂದಾಗಿ ಮುಚ್ಚಿ, ಮುಖ್ಯ ಬೀದಿಯಲ್ಲಿ ಓಡಾಡುವವರೆಂದರೆ ಪಾರಿವಾಳಗಳು ಎಂಬಂತಾಗಿತ್ತು. ಮೈದಾನವನ್ನು ಊರ ನಡುವೆ ತಂದರೆ ಜನವೂ ಬರುತ್ತಾರೆಂದು ಆಗಿನ ಮೇಯರನಿಗೆ ಕನಸು ಬಿತ್ತು. ಆ ಕಾಲದಲ್ಲಿ ದೇಶದ ಅರ್ಧ ಮೇಯರುಗಳಿಗೆ ಅದೇ ಕನಸು. ಶೂ ಕಾರ್ಖಾನೆ ಕೆಡವಿದರು, ಹೋಟೆಲು ಕೆಡವಿದರು, ನಾಟಕಶಾಲೆ ಕೆಡವಿದರು. ಹೀಗೆ ಹಳೆಯದನ್ನೆಲ್ಲ ಗುಡಿಸಿಹಾಕಿ, ಹಳೆಯದರಂತೆ ಕಾಣುವ ಹೊಸದನ್ನು ಕಟ್ಟಲು ಷಿಕಾಗೋದಿಂದ ಒಬ್ಬ ವಾಸ್ತುಶಿಲ್ಪಿಯನ್ನು ಕರೆಸಿದರು. ಅವನು ಹೊಚ್ಚ ಹೊಸ ಇಟ್ಟಿಗೆಗಳನ್ನು ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಹಾಕಿ ಉರುಳಿಸಿ, ಮೂಲೆ ಮುರಿದು, ಒಂದೇ ಮಧ್ಯಾಹ್ನದಲ್ಲಿ ನೂರು ವರ್ಷ ವಯಸ್ಸು ಮಾಡಿದ.

"ಹಳೇ ಮೈದಾನಗಳ ಗೋಡೆ ಡೊಂಕಾಗಿರ್ತಿತ್ತು ನೋಡಿ, ಬೀದಿ ಹೇಗೋ ಹಾಗೆ," ಎಂದ ಡೆಲ್ಮರ್. ಅವನಿಗೆ ಹುರುಪು ಬಂದಿತ್ತು. "ಅದಕ್ಕೆ ಈ ಮಹಾಶಯನೂ ಬಲಗಡೆ ಬೇಕಂತಾನೇ ಒಂದು ಸುಳ್ಳು ಡೊಂಕು ಬರೆದಿದ್ದ. ಚೆಂದಕ್ಕೆ. ಎಡಗಡೆ ನೆಟ್ಟಗಿತ್ತು."

ಆದರೆ ಎಡಗಡೆ ಡೆಲ್ಮರನ ಅಪ್ಪ ಏಮಸ್ ಇದ್ದ. ಮೇಯರ್ ಖುದ್ದಾಗಿ ಬಂದು ಅಂಗಡಿ ಕೇಳಿದಾಗಲೆಲ್ಲ ಏಮಸ್ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲಕ್ಕೆ ಸೋಪು ಹಚ್ಚಿ, ಕತ್ತಿಯನ್ನು ಗಂಟಲಿಗಿಟ್ಟು, ಏನೋ ಕೇಳುತ್ತಿದ್ದಿರಲ್ಲ ಎನ್ನುತ್ತಿದ್ದ. ಮೇಯರ್ ಏನೂ ಇಲ್ಲ ಎನ್ನುತ್ತಿದ್ದ. ಆ ವರ್ಷ ಮೇಯರನ ಮುಖದಷ್ಟು ನುಣುಪಾದ ಮುಖ ಇಡೀ ಒಹಾಯೊದಲ್ಲಿ ಇರಲಿಲ್ಲ. ಕೊನೆಗೆ ವಾಸ್ತುಶಿಲ್ಪಿ ಹಟ ಸೋತು, ನಕ್ಷೆಯ ಮೇಲೆ ಅಂಗಡಿಯ ಸುತ್ತ ಸಿಟ್ಟಿನಿಂದ ಒಂದು ಗೆರೆ ಎಳೆದ. ಆ ಸಿಟ್ಟಿನ ಗೆರೆಯೇ ಈ ಗೋಡೆ. ಹಾಗೆ ಬಳಸಲು ಇಟ್ಟಿಗೆ ಜಾಸ್ತಿ ಬೇಕಾಗಿ, ಬಲಗಡೆಯ ಸುಳ್ಳು ಡೊಂಕನ್ನು ಕೈಬಿಡಬೇಕಾಯಿತು.

"ದೇಶದಲ್ಲಿ ಆ ಕಾಲದಲ್ಲಿ ಕಟ್ಟಿದ ಮೈದಾನಗಳಲ್ಲೆಲ್ಲ ಸುಳ್ಳು ಡೊಂಕು ಮೇಡಂ. ಇದೊಂದೇ ನಿಜವಾದದ್ದು. ಮುಟ್ಟಿ ನೋಡಿ ಬೇಕಾದ್ರೆ."

ಹಾರ್ಟೆನ್ಸ್ ಮುಟ್ಟಿ ನೋಡಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಇಷ್ಟು ಚೆನ್ನಾಗಿ ಯಾರೂ ತನಗೆ ಹೇಳಿರಲಿಲ್ಲ ಎಂದಳು. ಅಂಗಡಿಯ ವಿಚಾರ ಮುಗಿಯಿತು ತಾನೆ ಎಂದು ಡೆಲ್ಮರ್ ಖಾತ್ರಿ ಮಾಡಿಕೊಂಡ. ಅಂಗಡಿ ಪರಂಪರೆ ಅಲ್ಲವೇ ಅಲ್ಲ ಎಂದು ಅವಳು ಮಾತು ಕೊಟ್ಟಳು. ಅವನು ಹಾರುತ್ತ ಹೋಗಿ ಮುಖ ತೊಳೆದು ಬಂದ.

ಆಟ ಅರ್ಧ ಕಳೆದಿತ್ತು. ಮಾಲೀಕ ವ್ಯಾನ್ಸ್‌ನ ಗಾಜಿನ ಕೋಣೆ ಎಲ್ಲಕ್ಕಿಂತ ಮೇಲಿತ್ತು. ಅಲ್ಲಿಂದ ಇಡೀ ಮೈದಾನ ಹರಿವಾಣದಂತೆ ಕಾಣುತ್ತಿತ್ತು, ಆಚೆ ಬ್ಯಾಂಕಿನ ಗಡಿಯಾರ, ಅದರಾಚೆ ನದಿ. ಡೆಲ್ಮರನಿಗೆ ಮೊದಲ ಸಲ ಆ ಅಂಗಳ ಚೆಂದವೆನಿಸಿತು. ಬಿಟ್ಟುಹೋಗುವವನಿಗೆ ಹಾಗನಿಸುವುದು ಸುಲಭ. ತಕರಾರು ಏನಾದರೂ ಎದ್ದಿತೇ ಎಂದು ವ್ಯಾನ್ಸ್ ಕೇಳಿದ. ಎದ್ದಿತ್ತು, ನಾನೇ ಮಲಗಿಸಿದೆ ಎಂದ ಡೆಲ್ಮರ್ ಎದೆಯುಬ್ಬಿಸಿ. ವ್ಯಾನ್ಸ್ ಪೆನ್ನು ಕೊಟ್ಟ. ಡೆಲ್ಮರ್ ಹೆಸರಿನ ಮೊದಲ ಅಕ್ಷರ ಬರೆದು ಎರಡನೆಯದಕ್ಕೆ ಹೊರಟಾಗ ಬಾಗಿಲು ತೆರೆಯಿತು.

ಹಾರ್ಟೆನ್ಸ್. ಇನ್ನೂ ಅಲ್ಲಲ್ಲಿ ಬಿಳಿ.

ಅಡ್ಡಿಪಡಿಸಿದ್ದಕ್ಕೆ ಕ್ಷಮೆ ಕೇಳಿ, ಸಮಿತಿಯ ಉಳಿದ ಸದಸ್ಯರೂ ಆಟ ನೋಡಲು ಬಂದಿದ್ದರು, ಆದ್ದರಿಂದ ಅಲ್ಲೇ ಸೀಟುಗಳಲ್ಲೇ ಸಭೆ ಸೇರಿ ಒಮ್ಮತದಿಂದ ನಿರ್ಧಾರ ಮಾಡಿದೆವು ಎಂದು ಅವಳು ಹೇಳಿದಳು. ವಯಸ್ಸು ಸಾಲದಿದ್ದರೂ ಅಪರೂಪದ್ದೆಂಬ ಕಾರಣಕ್ಕೆ ಮೈದಾನದ ಎಡಗೋಡೆಯ ಬಾಗು ಇಂದಿನಿಂದ ಊರಿನ ಪರಂಪರೆ. ಒಂದು ಇಟ್ಟಿಗೆಯನ್ನೂ ಸರಿಸುವಂತಿಲ್ಲ.

"ಮಿಸ್ಟರ್ ಟೀಟರ್ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ಕೃತಜ್ಞತೆಯಿಂದ. "ನಾನು ಬರೀ ಅಂಗಡಿ ನೋಡಿ ವಾಪಸ್ ಹೋಗ್ತಿದ್ದೆ."

ವ್ಯಾನ್ಸ್ ಗಾಜಿನಾಚೆ ಗೋಡೆಯನ್ನು ನೋಡಿದ. ಆಮೇಲೆ ಡೆಲ್ಮರನ ಕೈಕೆಳಗಿನ ಕಾಗದವನ್ನು ಮೆಲ್ಲಗೆ ಎಳೆದುಕೊಂಡ.

"ಗೋಡೆ ನೆಟ್ಟಗಾಗಲ್ಲ ಅಂದ್ಮೇಲೆ ನಿಮ್ಮ ಅಂಗಡಿ ತಗೊಂಡು ನಾನೇನ್ ಮಾಡ್ಲಿ ಡೆಲ್ಮರ್? ಕಟಿಂಗ್ ಮಾಡ್ಲಾ?"

ಡೆಲ್ಮರ್ ಹಾರ್ಟೆನ್ಸ್ ಕಡೆ ತಿರುಗಿದ. ಹಾಗಾದರೆ ಅಂಗಡಿಯೂ ಪರಂಪರೆಯೇ ಆಗಲಿ, ದುರಸ್ತಿಗೆ ಸಮಿತಿಯಿಂದ ಏನಾದರೂ ನೆರವು ಸಿಗುವುದೇ ಎಂದು ಕೇಳಿದ. ಅಂಗಡಿಯಲ್ಲಿ ಏನೂ ಇಲ್ಲವೆಂದು ನೀವೇ ತೋರಿಸಿಕೊಟ್ಟಿರಲ್ಲ, ಅದಕ್ಕೆ ನೆರವು ಬರುವುದಿಲ್ಲ ಎಂದಳು.

"ಹಾಗಾದ್ರೆ ಕೆಡವಿ ಬರೀ ಜಾಗ ಮಾರ್ಕೋತೀನಿ."

"ಅದೂ ಆಗಲ್ಲ. ಗೋಡೆ ನಿಮ್ಮ ಅಂಗಡಿಗೆ ಒರಗಿದೆ. ಅಂಗಡಿ ಬಿದ್ರೆ ಗೋಡೆ ಬೀಳತ್ತೆ. ನೀವು ಅದನ್ನ ಗಟ್ಟಿಯಾಗಿ ಇಟ್ಕೋಬೇಕು. ಮೊದ್ಲು ಆ ಮಾಡು ಸರಿ ಮಾಡ್ಸಿ."

ಅಷ್ಟರಲ್ಲಿ ಸಮಿತಿಯವರಲ್ಲೊಬ್ಬರು ಸುದ್ದಿಯನ್ನು ಧ್ವನಿವರ್ಧಕದವನಿಗೆ ಮುಟ್ಟಿಸಿದ್ದರು. ಆಟದ ನಡುವಿನ ಬಿಡುವಿನಲ್ಲಿ ಅವನು ಮೈದಾನ ಮೊಳಗುವಂತೆ ಸಾರಿದ: ಮೊಣಕೈ ಉಳಿಯಿತು, ಅದನ್ನು ಉಳಿಸಿದವರು ನಮ್ಮ ಕ್ಷೌರಿಕ ಡೆಲ್ಮರ್ ಟೀಟರ್, ಬಂದ ಸಿರಿಯನ್ನು ಒದ್ದು, ಕೊನೆಯುಸಿರಿನ ತನಕ ಇಲ್ಲೇ ಕತ್ತರಿ ಹಿಡಿಯುವುದಾಗಿ ಮಾತು ಕೊಟ್ಟಿದ್ದಾರೆ. ಸಾವಿರಾರು ಜನ ಎದ್ದುನಿಂತು ಗಾಜಿನ ಕೋಣೆಯತ್ತ ತಿರುಗಿದರು. ಒಟಿಲಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಗಳದ ನಡುವೆ ಮೂಲಂಗಿ ಸೊಪ್ಪು ತಗ್ಗಿಸಿ ವಂದಿಸಿತು.

"ಕೈ ಬೀಸಿ," ಎಂದ ವ್ಯಾನ್ಸ್ ಹಲ್ಲಿನ ನಡುವಿನಿಂದ. ಅವನಾಗಲೇ ಮೊಣಕೈ ಚಿತ್ರದ ಟೀಶರ್ಟು ಎಷ್ಟು ಮಾರಬಹುದೆಂದು ಯೋಚಿಸತೊಡಗಿದ್ದ. "ಜನ ಕಾಯ್ತಿದಾರೆ."

ಡೆಲ್ಮರ್ ಕೈ ಬೀಸಿದ. ಮುಖ ಎಂದಿನಂತೆ ಗಿರಾಕಿಯನ್ನು ಸ್ವಾಗತಿಸುವ ಹಾಗೇ ಇತ್ತು.

ಆಟ ಮುಗಿದ ಮೇಲೆ ಅವನು ಅಂಗಡಿಗೆ ಬಂದಾಗ ಬೀದಿಯಲ್ಲಿ ಸಾಲು ನಿಂತಿತ್ತು. ಊರಿಗಾಗಿ ಇಷ್ಟು ತ್ಯಾಗ ಮಾಡಿದವನಿಗೆ ನಮ್ಮ ಕೈಲಾದದ್ದು ಮಾಡಬೇಕೆಂದು ಗಂಡಸರೆಲ್ಲ ತಲೆ ಕೊಡಲು ಬಂದಿದ್ದರು. ಸಾಲು ಬೇಕರಿ ದಾಟಿ, ಓಣಿ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಎಲ್ಲರೂ ಕೂದಲು ಬೆಳೆಸಿಕೊಂಡಿದ್ದರು. ಡೆಲ್ಮರ್ ಒಳಗೆ ಹೋಗಿ ಕುರ್ಚಿಯ ಮೇಲಿನ ಧೂಳು ಕೊಡವಿದ, ಮೊದಲನೆಯವನನ್ನು ಕೂರಿಸಿದ, ಮೊಣಕಾಲೂರಿ ತಗಡಿನ ರಾಶಿಯ ಕೆಳಗೆ ಕತ್ತರಿ ಹುಡುಕತೊಡಗಿದ.